ಮಿಲಿಟರಿಗೆ ಹೊರಟ ಹುಡುಗರಿಗೆ: ಮೈಯ ಮಾತು ನಾಚದೆ ಆಡುವುದು ಹೇಗೆ

ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಬೆಳಗಿನ ಐದಕ್ಕೆ ಇಪ್ಪತ್ತು ಇಪ್ಪತ್ತೈದು ಹುಡುಗರು ಓಡುತ್ತಾರೆ. ಬೆಳಗಾವಿ ಜಿಲ್ಲೆಯ ಹಳ್ಳಿ ನಮ್ಮದು. ಇಲ್ಲಿ ಓಣಿಗೊಬ್ಬ ಮಿಲಿಟರಿಯವನು ಸಿಗುತ್ತಾನೆ. 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ನಾನು ವಾಚ್ ಹಿಡಿದು ನಿಲ್ಲುತ್ತೇನೆ. 1990ರಲ್ಲಿ ಆರ್ಮಿ ಮೆಡಿಕಲ್ ಕೋರ್ ಸೇರಿ, ಲಖನೌದಲ್ಲಿ ತರಬೇತಿ ಪಡೆದು, ನರ್ಸಿಂಗ್ ಅಸಿಸ್ಟೆಂಟ್ ಆಗಿ 24 ವರ್ಷ ಕೆಲಸ ಮಾಡಿ, ಹವಾಲ್ದಾರ್ ಆಗಿ ಊರಿಗೆ ಬಂದವನು ನಾನು. ಹುಡುಗರು ಕಾಕಾ ಅನ್ನುತ್ತಾರೆ. ಓಟ, ಪುಲ್‌ಅಪ್, ಲಿಖಿತ ಪರೀಕ್ಷೆ ಎಲ್ಲ ಕೇಳುತ್ತಾರೆ. ಒಂದು ವಿಷಯ ಮಾತ್ರ ಗುಂಪಿನಲ್ಲಿ ಯಾರೂ ಎತ್ತುವುದಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬ ಹಿಂದೆ ಉಳಿಯುತ್ತಾನೆ. ಶೂ ಲೇಸ್ ಕಟ್ಟುತ್ತಾ, ನೆಲ ನೋಡುತ್ತಾ, "ಕಾಕಾ, ಒಂದು ಕೇಳಬೇಕಿತ್ತು" ಅನ್ನುತ್ತಾನೆ.

ತಮ್ಮಾ, ಇದು ನಿನಗಾಗಿ ಬರೆದದ್ದು. ಶಿಶ್ನ, ಬೀಜ, ವೀರ್ಯ ಅಂತ ನೇರವಾಗಿಯೇ ಬರೆಯುತ್ತೇನೆ. "ಅಲ್ಲಿ", "ಕೆಳಗೆ" ಅಂತ ತಿರುಗಿಸಿ ಮಾತಾಡಿ ಎಷ್ಟು ಹುಡುಗರು ತೊಂದರೆಗೆ ಬಿದ್ದರು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಮೆಡಿಕಲ್

ಭರ್ತಿಯ ಮೆಡಿಕಲ್‌ನಲ್ಲಿ ಬಟ್ಟೆ ಪೂರ್ತಿ ತೆಗೆಸುತ್ತಾರೆ. ಡಾಕ್ಟರ್ ಬೀಜಗಳನ್ನು ಮುಟ್ಟಿ ನೋಡುತ್ತಾರೆ, ಕೆಮ್ಮು ಅನ್ನುತ್ತಾರೆ. ಹರ್ನಿಯಾ ಇದೆಯಾ, ಎರಡೂ ಬೀಜ ಕೆಳಗಿಳಿದಿವೆಯಾ, ಹೈಡ್ರೋಸೀಲ್ ಅಂದರೆ ಬೀಜದ ಚೀಲದಲ್ಲಿ ನೀರು ತುಂಬಿದೆಯಾ, ವೆರಿಕೋಸೀಲ್ ಅಂದರೆ ರಕ್ತನಾಳ ಉಬ್ಬಿದೆಯಾ, ಶಿಶ್ನದ ಮುಂದೊಗಲು ಹಿಂದೆ ಸರಿಯುತ್ತದೆಯಾ ಅಂತ ನೋಡುವುದಕ್ಕೆ. ಅಷ್ಟೇ. ಗಾತ್ರ ಅಳೆಯುವುದಿಲ್ಲ.

ಆದರೆ ಈ ತಪಾಸಣೆಯನ್ನು ನೀನು ಮನೆಯಲ್ಲೇ ಮೊದಲು ಮಾಡಿಕೋ. ಬಿಸಿನೀರಿನ ಸ್ನಾನ ಆದ ಮೇಲೆ ಎರಡೂ ಬೀಜಗಳನ್ನು ಬೆರಳಿನಲ್ಲಿ ಮೆಲ್ಲಗೆ ಉರುಳಿಸಿ ನೋಡು. ಒಂದು ಸ್ವಲ್ಪ ದೊಡ್ಡದು, ಒಂದು ಸ್ವಲ್ಪ ಕೆಳಗೆ ಇರುವುದು ಸಹಜ. ಗಂಟು, ನೀರಿನ ಚೀಲದಂತೆ ಊತ, ಹುಳುಗಳ ಗಂಟಿನಂತೆ ತಾಗುವ ನರ, ಇವೇನಾದರೂ ಇದ್ದರೆ ಭರ್ತಿಗೆ ಆರು ತಿಂಗಳು ಮೊದಲೇ ಸರ್ಜನ್‌ಗೆ ತೋರಿಸು. ಇವುಗಳಲ್ಲಿ ಹೆಚ್ಚಿನವು ಆಪರೇಷನ್‌ನಲ್ಲಿ ಸರಿಹೋಗುತ್ತವೆ. ಎರಡು ವರ್ಷ ಓಡಿ, ಕೊನೆಗೆ ಬೋರ್ಡ್ ಮುಂದೆ ಅನ್‌ಫಿಟ್ ಅಂತ ಕೇಳಿ ಮನೆಗೆ ಬಂದು ಅತ್ತ ಹುಡುಗನ ಪಕ್ಕ ನಾನು ಕೂತಿದ್ದೇನೆ. ಅವನಿಗೆ ಊತ ಇರುವುದು ಮೊದಲೇ ಗೊತ್ತಿತ್ತು. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಇನ್ನೊಂದನ್ನು ನೆನಪಿಟ್ಟುಕೋ. ಇದ್ದಕ್ಕಿದ್ದ ಹಾಗೆ ಒಂದು ಬೀಜದಲ್ಲಿ ತಡೆಯಲಾರದ ನೋವು, ವಾಂತಿ, ಆ ಬೀಜ ಮೇಲಕ್ಕೆ ಸೆಳೆದ ಹಾಗೆ ಇದ್ದರೆ ಅದು ಒಳಗೆ ತಿರುಚಿಕೊಂಡಿರಬಹುದು. ರಕ್ತ ಹೋಗುವುದು ನಿಲ್ಲುತ್ತದೆ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗಬೇಕು. ತಡವಾದಷ್ಟೂ ಬೀಜ ಉಳಿಯುವ ಆಸೆ ಕಡಿಮೆ. ಒಬ್ಬ ರಿಕ್ರೂಟ್ ರಾತ್ರಿ ಹತ್ತಕ್ಕೆ ನೋವು ಶುರುವಾಗಿ ಹಲ್ಲು ಕಚ್ಚಿ ಮಲಗಿದ, ಬೆಳಗಿನ ಪಿ.ಟಿ.ಗೂ ಹೋದ. ಬಿದ್ದ ಮೇಲೆ ನಮ್ಮ ಹತ್ತಿರ ತಂದರು. ಆ ಬೀಜವನ್ನು ತೆಗೆಯಬೇಕಾಯಿತು. "ನೋವು ತಡ್ಕೊಳ್ಳೋದು ಗಂಡಸುತನ ಅಂತ ಉಸ್ತಾದ್ ಹೇಳಿದ್ರು" ಅಂದ. ತರಬೇತಿ ಕೊಡುವ ಉಸ್ತಾದ್ ಹೇಳಿದ್ದು ಕಾಲಿನ ಬೊಬ್ಬೆಯ ಬಗ್ಗೆ, ತಮ್ಮಾ.

ತೊಡೆಸಂದಿಯ ಗಜಕರ್ಣ ಬ್ಯಾರಕ್‌ನಲ್ಲಿ ಮನೆಮನೆ ರೋಗ. ಒದ್ದೆ ಒಳಚಡ್ಡಿ ಬದಲಿಸು, ಟವೆಲ್ ಹಂಚಿಕೊಳ್ಳಬೇಡ. ಮೆಡಿಕಲ್ ಶಾಪ್‌ನಲ್ಲಿ ಕೇಳದೆ ಕೊಡುವ ಸ್ಟೀರಾಯ್ಡ್ ಸೇರಿದ ಮುಲಾಮು ಹಚ್ಚಬೇಡ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಎರಡರಷ್ಟು ಹರಡುತ್ತದೆ.

ಗೋಡೆಯ ಮೇಲಿನ ಬರಹ ನಂಬಬೇಡ

ಟ್ರೇನಿಂಗ್ ಸೆಂಟರ್‌ಗೆ ಹೋಗುವ ರೈಲಿನಲ್ಲಿ ಕಿಟಕಿಯಿಂದ ನೋಡು. ಹಳಿ ಪಕ್ಕದ ಗೋಡೆಗಳ ಮೇಲೆಲ್ಲ ಗುಪ್ತರೋಗ, ಧಾತು ದೌರ್ಬಲ್ಯ, ನರ ದೌರ್ಬಲ್ಯ ಅಂತ ಬರೆದಿರುತ್ತಾರೆ. ಹದಿನೆಂಟರ ಹುಡುಗ, ಮನೆ ಬಿಟ್ಟು ಮೊದಲ ಸಲ ಹೊರಟವನು, ಅದನ್ನು ಓದುತ್ತಾ ಹೋಗುತ್ತಾನೆ. ಆಮೇಲೆ ತರಬೇತಿಯ ದಣಿವಿಗೆ ಕಾಲು ನಡುಗಿದರೆ, "ರಾತ್ರಿ ಸ್ಖಲನ ಆಯಿತಲ್ಲ, ಅದಕ್ಕೇ ಶಕ್ತಿ ಹೋಯಿತು" ಅಂತ ಹೆದರುತ್ತಾನೆ.

ಸರಿಯಾಗಿ ಕೇಳು. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯ ಅನ್ನುವುದು ಸುಳ್ಳು. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ. ಹಸ್ತಮೈಥುನದಿಂದ ಓಟ ಕಡಿಮೆಯಾಗುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಮೂತ್ರ ಬೆಳ್ಳಗೆ ಕದಡಿದಂತೆ ಕಂಡರೆ ಹೆಚ್ಚಿನ ಸಲ ಅದು ನೀರು ಕಡಿಮೆ ಕುಡಿದದ್ದು, ಇಲ್ಲವೇ ಮೂತ್ರದಲ್ಲಿರುವ ಫಾಸ್ಫೇಟ್. ಈ ಹೆದರಿಕೆ ನಮ್ಮ ಹುಡುಗರಲ್ಲಿ ಎಷ್ಟು ಸಾಮಾನ್ಯ ಅಂದರೆ, ಡಾ. ಎನ್.ಎನ್. ವಿಗ್ ಅನ್ನುವ ಮನೋವೈದ್ಯರು 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರೇ ಇಟ್ಟರು. ಬೇಕಾದದ್ದು ನಿದ್ದೆ, ಊಟ, ಧೈರ್ಯದ ನಾಲ್ಕು ಮಾತು. ಒಂದು ತಿಂಗಳ ಪಗಾರ ಪೂರ್ತಿ ಪುಡಿಯ ಡಬ್ಬಿಗೆ ಕಳಿಸಿದ ಹುಡುಗರನ್ನು ನಾನು ಬಲ್ಲೆ. ಆ ದುಡ್ಡಿಗೆ ಊರಿನಲ್ಲಿ ತಾಯಿ ಕಾಯುತ್ತಿದ್ದಳು.

"ಮರ್ದ್ ಹೈ ಕಿ ನಹೀ?"

ಔಟ್‌ಪಾಸ್ ಸಿಕ್ಕ ಭಾನುವಾರ ಸೀನಿಯರ್‌ಗಳು ಈ ಮಾತು ಎತ್ತುತ್ತಾರೆ, ನೀನು ಗಂಡಸು ಹೌದೋ ಅಲ್ಲವೋ ಅಂತ. ಯಾರು ಎಷ್ಟು ಹೆಂಗಸರ ಹತ್ತಿರ ಹೋದ ಅನ್ನುವ ಲೆಕ್ಕ ಬ್ಯಾರಕ್‌ನಲ್ಲಿ ಕಥೆಯಾಗಿ ಓಡಾಡುತ್ತದೆ. ಅರ್ಧಕ್ಕಿಂತ ಜಾಸ್ತಿ ಸುಳ್ಳು. ನಾನು ಡ್ರೆಸಿಂಗ್ ಮಾಡುವಾಗ ಅದೇ ಸೀನಿಯರ್‌ಗಳು ನನ್ನ ಹತ್ತಿರ ನಿಜ ಹೇಳಿದ್ದಾರೆ.

ಬೇಡ ಅನ್ನಿಸಿದರೆ ವಾದ ಮಾಡಬೇಡ, ಉಪದೇಶವನ್ನಂತೂ ಮಾಡಲೇಬೇಡ. ಒಂದು ಕೆಲಸ ಹಿಡಿದುಕೋ. "ನೀವು ಹೋಗಿ ಬನ್ನಿ, ನಾನು ಎಲ್ಲರ ಫೋನ್, ಪರ್ಸ್ ನೋಡ್ಕೋತೀನಿ." ಸಾಮಾನು ಕಾಯುವವನನ್ನು ಯಾರೂ ಜಾಸ್ತಿ ಎಳೆಯುವುದಿಲ್ಲ. ಎರಡನೇ ಪೆಗ್ ಆಗುವ ಮೊದಲೇ ಇದನ್ನು ಹೇಳಬೇಕು. ಕುಡಿದ ಮೇಲೆ ನಿನ್ನ "ಬೇಡ" ನಿನಗೇ ಕೇಳಿಸುವುದಿಲ್ಲ. ಕಾಂಡೋಮ್ ಮರೆತವರಲ್ಲಿ ಹೆಚ್ಚಿನವರು ನನ್ನ ಹತ್ತಿರ ಹೇಳಿದ ಮೊದಲ ಮಾತೇ "ಆವತ್ತು ಜಾಸ್ತಿ ಆಗಿತ್ತು" ಅಂತ.

ಎದುರಿನವರ ಒಪ್ಪಿಗೆ ಇಲ್ಲದೆ ಕೈ ಹಾಕಬಾರದು. ಹದಿನೆಂಟು ತುಂಬದ ಹುಡುಗಿ ಒಪ್ಪಿದರೂ 2012ರ ಪೋಕ್ಸೋ ಕಾಯ್ದೆಯಲ್ಲಿ ಅದು ಅಪರಾಧ. ಇನ್ನು ನಿನ್ನ ಮೈಗೆ ನಿನ್ನ ಒಪ್ಪಿಗೆ ಇಲ್ಲದೆ ಯಾರಾದರೂ ಕೈ ಹಾಕಿದರೆ, ಅವನು ಸೀನಿಯರ್ ಆಗಿದ್ದರೂ, ಅದು ನಿನ್ನ ತಪ್ಪಲ್ಲ. ಡಾಕ್ಟರ್‌ಗೆ ಹೇಳು, ಕಂಪನಿ ಕಮಾಂಡರ್‌ಗೆ ಹೇಳು. ಹುಡುಗರಿಗೂ ಹೀಗೆ ಆಗುತ್ತದೆ. ಆದವರು ಇಪ್ಪತ್ತು ವರ್ಷ ಯಾರಿಗೂ ಹೇಳದೆ ಬದುಕಿದ್ದನ್ನು ನಾನು ನೋಡಿದ್ದೇನೆ.

ರೋಗ ಬಂದರೆ "ಆ ಹೆಂಗಸು ಕೊಟ್ಟಳು" ಅಂತ ಬೈಯುವುದು ಹಳೆಯ ಚಾಳಿ. ಬ್ರಿಟಿಷರು 1868ರಲ್ಲಿ ಕಾಯ್ದೆಯನ್ನೇ ತಂದರು. ಕಂಟೋನ್ಮೆಂಟ್ ಪಕ್ಕದ ಹೆಂಗಸರನ್ನು ಹಿಡಿದು ಪರೀಕ್ಷಿಸಿ, ಲಾಕ್ ಆಸ್ಪತ್ರೆ ಅಂತ ಕೂಡಿಹಾಕುತ್ತಿದ್ದರು. ಸಿಪಾಯಿ ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದ. ರೋಗ ಹೋಗಲಿಲ್ಲ, 1888ರಲ್ಲಿ ಆ ಕಾಯ್ದೆ ಹೋಯಿತು. ನಮ್ಮ ಪಕ್ಕದ ಸಾಂಗ್ಲಿಯಲ್ಲಿ 1992ರಿಂದ ಸಂಗ್ರಾಮ್ ಸಂಸ್ಥೆಯ ಜೊತೆ ಸೇರಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳೇ ಕಾಂಡೋಮ್ ಹಂಚಿದರು, ಇಲ್ಲದೆ ಬಂದವನನ್ನು ವಾಪಸ್ ಕಳಿಸಲು ಕಲಿತರು. ಅಂಥವಳು "ಕಾಂಡೋಮ್ ಹಾಕು" ಅಂದರೆ ಜಾಸ್ತಿ ದುಡ್ಡು ತೋರಿಸಬೇಡ. ಅವಳು ನಿನ್ನನ್ನೂ ಉಳಿಸುತ್ತಿದ್ದಾಳೆ.

ಕಾಂಡೋಮ್

ನಿರೋಧ್ ನಮ್ಮ ದೇಶದಲ್ಲಿ 1968ರಿಂದ ಇದೆ. ಇನ್ನೂ ಅದನ್ನು ಕೇಳುವುದಕ್ಕೆ ಹುಡುಗರ ನಾಲಿಗೆ ಏಳುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ತೆಗೆದುಕೊಳ್ಳುವ ಮೊದಲು ಎಕ್ಸ್‌ಪೈರಿ ತಾರೀಖು ನೋಡು. ಪರ್ಸ್‌ನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡ. ಮೈಬಿಸಿಗೆ, ತಿಕ್ಕಾಟಕ್ಕೆ ರಬ್ಬರ್ ಹಾಳಾಗುತ್ತದೆ. ರಾಜಸ್ಥಾನದ ಬಿಸಿಲಿನಲ್ಲಿ ಕಾದ ಟ್ರಂಕಿನಲ್ಲೂ ಹಾಗೆಯೇ. ಕವರನ್ನು ಹಲ್ಲಿನಿಂದ ಹರಿಯಬೇಡ. ಶಿಶ್ನ ಪೂರ್ತಿ ನಿಮಿರಿದ ಮೇಲೆ, ಮೈಗೆ ಮೈ ತಾಗುವ ಮೊದಲೇ, ತುದಿಯನ್ನು ಎರಡು ಬೆರಳಿನಲ್ಲಿ ಹಿಂಡಿ ಗಾಳಿ ತೆಗೆದು ಬುಡದವರೆಗೂ ಬಿಡಿಸು. ಮುಗಿದ ಕೂಡಲೇ ಬುಡ ಹಿಡಿದುಕೊಂಡು ಹೊರಗೆ ತೆಗೆ. ಒಂದರ ಮೇಲೆ ಒಂದು ಹಾಕಬೇಡ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಹರಿಯುತ್ತದೆ. ಬೇಕಾದರೆ ನೀರಿನಿಂದ ಮಾಡಿದ ಜೆಲ್ ತೆಗೆದುಕೋ. ಗಂಡಸರ ನಡುವಿನ ಸಂಬಂಧಕ್ಕೂ ಇದೇ ಮಾತು. ಅಲ್ಲಿ ಜೆಲ್ ಇನ್ನೂ ಮುಖ್ಯ, ಗುದದ ಒಳಚರ್ಮ ಬೇಗ ಗಾಯವಾಗುತ್ತದೆ.

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೋ. ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಈ ರೋಗ ಸಂಬಂಧದಿಂದಲೂ ಬರುತ್ತದೆ, ಬೇರೆಯವರ ಬ್ಲೇಡಿನಿಂದಲೂ ಬರುತ್ತದೆ. ರೆಜಿಮೆಂಟ್ ಚಿಹ್ನೆಯ ಹಚ್ಚೆಯನ್ನು ಜಾತ್ರೆಯ ಸೂಜಿಯಲ್ಲಿ ಹಾಕಿಸಿಕೊಳ್ಳಬೇಡ.

ತಪ್ಪಾಗಿಬಿಟ್ಟರೆ

ಕಾಂಡೋಮ್ ಹರಿಯಿತು, ಇಲ್ಲವೇ ಹಾಕಲೇ ಇಲ್ಲ. ಆಗ ಗಡಿಯಾರ ನೋಡು. ಎಚ್‌ಐವಿ ತಡೆಯುವ ಮಾತ್ರೆಗಳಿವೆ, ಪೆಪ್ ಅನ್ನುತ್ತಾರೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಮಿಲಿಟರಿ ಆಸ್ಪತ್ರೆಗೆ ಹೋಗು. ರಜೆಯಲ್ಲಿದ್ದರೆ ಎಆರ್‌ಟಿ ಸೆಂಟರ್, ಅಂದರೆ ಎಚ್‌ಐವಿ ಔಷಧ ಕೊಡುವ ಕೇಂದ್ರ, ಇರುವ ಜಿಲ್ಲಾ ಆಸ್ಪತ್ರೆಗೆ. ಸೋಮವಾರ ನೋಡೋಣ ಅನ್ನಬೇಡ. ಸೋಪು, ಡೆಟಾಲ್, ರಮ್ ಹಾಕಿ ತಿಕ್ಕಿ ತೊಳೆಯಬೇಡ. ಹಾಗೆ ಮಾಡಿ ಚರ್ಮ ಸುಟ್ಟುಕೊಂಡು ಬಂದವರಿಗೆ ನಾನು ಪಟ್ಟಿ ಕಟ್ಟಿದ್ದೇನೆ.

ಪರೀಕ್ಷೆ ತಕ್ಷಣ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ. ನಿನ್ನೆ ರಾತ್ರಿ ಆದದ್ದು ಇವತ್ತಿನ ರಕ್ತದಲ್ಲಿ ಕಾಣಿಸುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ ಕೋಣೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 1097ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ಆ ಕರೆಗೆ ದುಡ್ಡಿಲ್ಲ.

ಮೂತ್ರ ಮಾಡುವಾಗ ಉರಿ, ಶಿಶ್ನದಿಂದ ಕೀವು ಬಂದರೆ ಗೊನೊರಿಯಾ ಇರಬಹುದು. ಹೆಚ್ಚಾಗಿ ಒಂದು ವಾರದೊಳಗೆ ಕಾಣಿಸುತ್ತದೆ. ಕ್ಲಮೈಡಿಯಾ ಎಷ್ಟೋ ಸಲ ಏನೂ ತೋರಿಸದೆ ಒಳಗೇ ಇರುತ್ತದೆ. ನನಗೆ ಜಾಸ್ತಿ ಭಯ ಸಿಫಿಲಿಸ್‌ನದು. ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಏಳುತ್ತದೆ, ನೋವೇ ಇರುವುದಿಲ್ಲ. ಔಷಧ ಮಾಡದಿದ್ದರೂ ಅದು ತಾನೇ ಒಣಗುತ್ತದೆ. ಹುಡುಗ ದೇವರಿಗೆ ಕೈ ಮುಗಿದು ಸುಮ್ಮನಾಗುತ್ತಾನೆ. ರೋಗ ಒಳಗೆ ಹೋಗಿರುತ್ತದೆ. ನಮ್ಮ ಯೂನಿಟ್‌ನ ಒಬ್ಬ ಸಿಪಾಯಿ ಅಂಗೈ, ಅಂಗಾಲಿನ ಮೇಲೆಲ್ಲ ಕೆಂಪು ಗುಳ್ಳೆ ಎಂದು ಬಂದ. ಬೂಟಿನ ಅಲರ್ಜಿ ಅಂದುಕೊಂಡಿದ್ದ. ಡಾಕ್ಟರ್ ಸಾಹೇಬರು ಬಾಗಿಲು ಹಾಕಿ ಮೆಲ್ಲಗೆ ಕೇಳಿದಾಗ, ಎರಡು ತಿಂಗಳ ಹಿಂದಿನ ಹುಣ್ಣಿನ ಮಾತು ಹೊರಬಂತು. ಪೆನ್ಸಿಲಿನ್ ಸೂಜಿಯಿಂದ ವಾಸಿಯಾಯಿತು. ಇಷ್ಟು ಸುಲಭದ ಔಷಧಕ್ಕೆ ಎರಡು ತಿಂಗಳು ತಡ.

ಸರಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇದೆ. ಅಲ್ಲಿ ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಔಷಧ ಕಿಟ್ ಕೊಡುತ್ತಾರೆ. ಕೀವಿಗೆ ಬೂದು ಬಣ್ಣದ್ದು. ಡಾಕ್ಟರ್ ನೋಡಿ ಕೊಟ್ಟದ್ದನ್ನು ಪೂರ್ತಿ ಮುಗಿಸು, ಗೆಳೆಯನ ಅರ್ಧ ಪಟ್ಟಿ ಮಾತ್ರೆ ನುಂಗಬೇಡ. ಜೊತೆಗಿದ್ದವಳಿಗೂ ಔಷಧ ಆಗಬೇಕು, ಇಲ್ಲದಿದ್ದರೆ ಅದೇ ರೋಗ ತಿರುಗಿ ಬರುತ್ತದೆ.

ನನ್ನ ಬ್ಯಾಚ್‌ನವನು

ಅವನು ಪಕ್ಕದ ತಾಲ್ಲೂಕಿನವನು. ಒಂದೇ ರೈಲಿನಲ್ಲಿ ರಜೆಗೆ ಬರುತ್ತಿದ್ದೆವು, ಅವನ ತಾಯಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಬ್ಬರೂ ತಿಂದಿದ್ದೇವೆ. ಕಬಡ್ಡಿಯಲ್ಲಿ ಅವನನ್ನು ಕೆಡವುವವರು ಇರಲಿಲ್ಲ. 1997ರಲ್ಲಿ ಅವನಿಗೆ ಹುಣ್ಣಾಗಿತ್ತು. ನನಗೆ ಅದು ಗೊತ್ತಾದದ್ದು ಅವನ ಕೊನೆಯ ದಿನಗಳಲ್ಲಿ. ಔಷಧದ ಅಲಮಾರಿಯ ಕೀಲಿ ನನ್ನ ಕಿಸೆಯಲ್ಲಿತ್ತು, ಅವನು ನನ್ನ ಪಕ್ಕದ ಚಾರ್ಪಾಯಿಯಲ್ಲಿ ಮಲಗುತ್ತಿದ್ದ. ಹೊರಗಿನ ಯಾರದೋ ಹತ್ತಿರ ಸೂಜಿ ಹಾಕಿಸಿಕೊಂಡ, ಹುಣ್ಣು ಹೋಯಿತು. ಎಚ್‌ಐವಿ ಪರೀಕ್ಷೆ ಮಾಡಿಸಲಿಲ್ಲ. ಮರುವರ್ಷ ಮದುವೆ. ಆಮೇಲೆ ಮೈ ಇಳಿಯಿತು, ಟಿ.ಬಿ. ಬಂತು. 2003ರ ಡಿಸೆಂಬರ್‌ನಲ್ಲಿ ಹೋದ. ಅವನ ಹೆಂಡತಿಗೂ ಎಚ್‌ಐವಿ ಇದೆ ಅಂತ ಅದೇ ವರ್ಷ ತಿಳಿಯಿತು.

2004ರ ಏಪ್ರಿಲ್‌ನಲ್ಲಿ ಸರಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ನಾಲ್ಕು ತಿಂಗಳು. ಆ ನಾಲ್ಕು ತಿಂಗಳನ್ನು ನಾನು ಇವತ್ತಿಗೂ ಎಣಿಸುತ್ತೇನೆ. ಅವಳು ಮಾತ್ರೆ ತಪ್ಪಿಸಲಿಲ್ಲ. ಈಗಲೂ ಹೊಲಿಗೆ ಮಷೀನ್ ತುಳಿದು ಬದುಕಿದ್ದಾಳೆ, ಮಗನಿಗೆ ರೋಗವಿಲ್ಲ. ದೀಪಾವಳಿಗೆ ನಾನು ಹೋಗಿ ಬರುತ್ತೇನೆ. "ಭಾವಾರ, ನನಗಾದರೂ ಹೇಳಿದ್ದರೆ ನಾನು ಬಿಟ್ಟು ಹೋಗ್ತಿದ್ದೆನಾ?" ಅಂತ ಒಮ್ಮೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಕಾಲ ಬೇರೆ. ಮಾತ್ರೆ ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಸಂಬಂಧದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಎಚ್‌ಐವಿ ಇದ್ದೂ ಲೋ ಮೆಡಿಕಲ್ ಕ್ಯಾಟಗರಿಯಲ್ಲಿ, ಅಂದರೆ ಆರೋಗ್ಯದ ಕೆಳದರ್ಜೆಯಲ್ಲಿ, ವರ್ಷಗಟ್ಟಲೆ ಡ್ಯೂಟಿ ಮಾಡಿದವರನ್ನು ನಾನೇ ನೋಡಿದ್ದೇನೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಊರಿಗೆಲ್ಲ ಹೇಳಬಾರದು. ಯಾರಿಗೋ ಎಚ್‌ಐವಿ ಬಂತು ಅಂದ ಕೂಡಲೇ ಅವನ ನಡತೆಯ ಮಾತು ಎತ್ತಬೇಡ. ವಾಯುಪಡೆಯ ಒಬ್ಬರಿಗೆ 2002ರಲ್ಲಿ ಆಸ್ಪತ್ರೆಯಲ್ಲಿ ಏರಿಸಿದ ರಕ್ತದಿಂದ ಎಚ್‌ಐವಿ ಬಂದಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಒಂದೂವರೆ ಕೋಟಿಗೂ ಹೆಚ್ಚು ಪರಿಹಾರ ಕೊಡಿಸಿತು.

ಮದುವೆಯಾದವನು ರಜೆಗೆ ಹೊರಡುವ ಮೊದಲು ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿಕೊಂಡೇ ರೈಲು ಹತ್ತು. ಫಲಿತಾಂಶ ಪೂರ್ತಿ ತಿಳಿಯುವವರೆಗೆ ಮನೆಯಲ್ಲೂ ಕಾಂಡೋಮ್ ಬಳಸು. ಹೆಂಡತಿ ಯಾಕೆ ಅಂದರೆ ನಿಜ ಹೇಳು. ಒಬ್ಬನಿಗೇ ಹೇಳಲು ಆಗದಿದ್ದರೆ ಐಸಿಟಿಸಿಯ ಕೌನ್ಸಿಲರ್ ಇಬ್ಬರನ್ನೂ ಕೂರಿಸಿ ಮಾತಾಡುತ್ತಾರೆ.

ಎಂ.ಐ. ರೂಮ್‌ನಲ್ಲಿ ಹೇಳುವುದು ಹೇಗೆ

ಎಂ.ಐ. ರೂಮ್ ಅಂದರೆ ಯೂನಿಟ್‌ನ ವೈದ್ಯಕೀಯ ತಪಾಸಣೆ ಕೋಣೆ. ರಜೆಯಿಂದ ಬಂದವರಿಗೆ ಅಲ್ಲಿ ಎಫ್‌ಎಫ್‌ಐ, ಅಂದರೆ ಸೋಂಕು ಇಲ್ಲ ಅಂತ ಖಚಿತ ಮಾಡುವ ತಪಾಸಣೆ ಇರುತ್ತದೆ. ಸಾಲಿನಲ್ಲಿ ನಿಂತಾಗ ಹೇಳಲು ಆಗದಿದ್ದರೆ ಮರುದಿನ ಹುಷಾರಿಲ್ಲ ಅಂತ ಸಿಕ್ ರಿಪೋರ್ಟ್ ಮಾಡು. ರಿಜಿಸ್ಟರ್ ಬರೆಯುವವನು ಏನಾಗಿದೆ ಅಂತ ಕೇಳಿದರೆ "ಚಮಡೀ ಕೀ ತಕಲೀಫ್", ಚರ್ಮದ ತೊಂದರೆ, ಅಂತ ಹೇಳಿದರೆ ಸಾಕು. ಪೂರ್ತಿ ಮಾತು ಡಾಕ್ಟರ್ ಮುಂದೆ.

ನಮ್ಮ ಹುಡುಗರಿಗೆ ಇಲ್ಲಿ ಇನ್ನೊಂದು ಕಷ್ಟ, ಭಾಷೆ. ಡಾಕ್ಟರ್ ಪಂಜಾಬಿನವರೋ ಬಂಗಾಳದವರೋ ಇರುತ್ತಾರೆ. ನಾಚಿಕೆಯ ಮಾತು ಬಾರದ ಹಿಂದಿಯಲ್ಲಿ ಇನ್ನೂ ಒಳಗೇ ಉಳಿಯುತ್ತದೆ. ಅದಕ್ಕೆ ಈ ವಾಕ್ಯಗಳನ್ನು ಇಲ್ಲಿಂದಲೇ ಬಾಯಿಪಾಠ ಮಾಡಿಕೊಂಡು ಹೋಗು. "ಸಾಬ್, ಅಕೇಲೇ ಮೇ ಬಾತ್ ಕರ್ನೀ ಹೈ" ಅಂದರೆ ಒಬ್ಬರ ಹತ್ತಿರವೇ ಮಾತಾಡಬೇಕು. "ಪೇಶಾಬ್ ಮೇ ಜಲನ್ ಹೈ" ಅಂದರೆ ಉರಿಮೂತ್ರ. "ಪೀಪ್ ಆ ರಹೀ ಹೈ" ಅಂದರೆ ಕೀವು ಬರುತ್ತಿದೆ. "ಲಿಂಗ್ ಪರ್ ಘಾವ್ ಹೈ" ಅಂದರೆ ಶಿಶ್ನದ ಮೇಲೆ ಹುಣ್ಣು. "ಅಂಡಕೋಶ್ ಮೇ ತೇಜ್ ದರ್ದ್ ಹೈ" ಅಂದರೆ ಬೀಜದಲ್ಲಿ ಜೋರು ನೋವು. "ಬಿನಾ ಕಾಂಡೋಮ್ ಸಂಬಂಧ್ ಹುವಾ, ದೋ ದಿನ್ ಪಹಲೇ" ಅಂದರೆ ಎರಡು ದಿನದ ಹಿಂದೆ ಕಾಂಡೋಮ್ ಇಲ್ಲದೆ ಸಂಬಂಧ ಆಯಿತು. ಎಷ್ಟು ದಿನ ಆಯಿತು ಅನ್ನುವುದನ್ನು ಸುಳ್ಳು ಹೇಳಬೇಡ, ಔಷಧ ನಿಂತಿರುವುದೇ ಅದರ ಮೇಲೆ.

ಈಗ ಓಟ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ಮೈದಾನದ ಬೇವಿನ ಮರದ ಕೆಳಗೆ ಕೂರಿಸಿ ಈ ವಾಕ್ಯಗಳನ್ನು ಜೋರಾಗಿ ಹೇಳಿಸುತ್ತೇನೆ. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೋದ ವಾರ ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. "ಕಾಕಾ, ತುರಿಕೆಗೆ ಹಿಂದಿಯಲ್ಲಿ ಏನಂತಾರೆ?" ಅಂತ ಎಲ್ಲರ ಎದುರೇ ಕೇಳಿದ. ಖುಜ್ಲಿ ಅಂದೆ. ಅವನು ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.